ನೀರಿನ ಸರ್ಟಿಫಿಕೇಟಿನಲ್ಲಿ ಬರೆಯದ ವಿಷ

(ಮಹದೇವಪುರದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತು. ಓದುಗರಿಗಾಗಿ ಬರಹಕ್ಕೆ ಇಳಿಸಿದೆ.)



ಬೆಲೆ, ಸಾಲ, ಬಡ್ಡಿ, ಜಪ್ತಿ, ಇವೇ ನಮ್ಮ ಪತ್ರಿಕೆಯ ಮಾತು. ಈ ಸಲ ನೀರಿನ ಪರೀಕ್ಷೆಯ ವಿಚಾರ ಎತ್ತಿದರೆ, ಇದೇನಪ್ಪಾ, ಪೇಟೆಯವರ ಪರಿಸರದ ಮಾತು ನಮಗ್ಯಾಕೆ ಅಂತ ನಿಮಗೆ ಅನ್ನಿಸಬಹುದು. ಯಾರೋ ಬಳಸಿ ಬಿಟ್ಟ ನೀರು ನಿಮ್ಮ ಕೆರೆಗೆ ಬರುತ್ತೆ. ಯಾವುದೋ ಕೆರೆಯ ಹೂಳು ಲಾರಿಯಲ್ಲಿ ಬಂದು ನಿಮ್ಮ ಹೊಲಕ್ಕೆ ಬೀಳುತ್ತೆ. ನಾಳೆ ನಿಮ್ಮ ಸೊಪ್ಪಿನ ಬೆಲೆಯನ್ನೂ ಮನೆಯ ಆಸ್ಪತ್ರೆ ಖರ್ಚನ್ನೂ ಗೊತ್ತುಮಾಡುವುದು ಆ ನೀರು, ಆ ಹೂಳು. ಅದಕ್ಕೇ ಈ ಮಾತು.

ಈಗ ನಾವು ಕೂತಿರುವ ಈ ಮಹದೇವಪುರವನ್ನೇ ನೋಡಿ. ಊರಾಗಿದ್ದದ್ದು ನಗರಸಭೆಯಾಯಿತು, 2007ರಲ್ಲಿ ಬಿಬಿಎಂಪಿಗೆ ಸೇರಿತು, 2025ರಲ್ಲಿ ಬೆಂಗಳೂರು ಪೂರ್ವ ನಗರ ಪಾಲಿಕೆ ಅಂತ ಬೋರ್ಡು ಬಂತು. ಬೋರ್ಡು ಬದಲಾಯಿತೇ ಹೊರತು ನೀರಿನ ದಾರಿ ಬದಲಾಗಲಿಲ್ಲ. ಬೆಂಗಳೂರಿನ ಅರ್ಧ ಭಾಗದ ಬಚ್ಚಲು ನೀರು ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ವರ್ತೂರು ಕೆರೆಗೆ ಇಳಿದು, ದಕ್ಷಿಣ ಪಿನಾಕಿನಿ ಸೇರಿ, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಗೆ ಹೋಗುತ್ತೆ. ಇದೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನ ಲೆಕ್ಕದ ಯೋಜನೆ ಮಾಡಿ, 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ನೂರಕ್ಕೂ ಮೇಲ್ಪಟ್ಟು ಕೆರೆ ಆ ಪಟ್ಟಿಯಲ್ಲಿದೆ. ನೀರು ಬೇಡ ಅನ್ನುವ ಬುದ್ಧಿಗೇಡಿ ನಾನಲ್ಲ. ಸಾವಿರದೈನೂರು ಅಡಿ ಕೊರೆಸಿ ಧೂಳು ಕಂಡವರಿಗೆ ಕೆರೆ ತುಂಬಿದಾಗ ಆಗುವ ಸಂತೋಷ ನನಗೂ ಗೊತ್ತು. ನೀರು ಬರಲಿ. ಯಾವ ನೀರು ಅಂತ ಕೇಳುವ ಹಕ್ಕು ನಮ್ಮದು.

ಕೇಳಿದರೆ ಅಧಿಕಾರಿಗಳು ಒಂದು ಕಾಗದ ತೋರಿಸುತ್ತಾರೆ. ಪಿಎಚ್ ಇಷ್ಟು, ಬಿಓಡಿ ಇಷ್ಟು, ತೇಲುಕಸ ಇಷ್ಟು, ಮಲದ ಕ್ರಿಮಿ ಇಷ್ಟು, ಎಲ್ಲ ಮಿತಿಯೊಳಗೆ. ಕಾಗದ ಸುಳ್ಳಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಒಳಚರಂಡಿ ಶುದ್ಧೀಕರಣ ಘಟಕಗಳಿಗೆ ಹೊರಡಿಸಿದ ಮಾನದಂಡದಲ್ಲಿ ಇದ್ದದ್ದೇ ಈ ನಾಲ್ಕು. ಆಮೇಲೆ ಹಸಿರು ನ್ಯಾಯಮಂಡಳಿ ಇನ್ನೂ ಬಿಗಿ ಮಾಡಿ ಸಾರಜನಕ, ರಂಜಕ ಸೇರಿಸಿತು. ಆದರೆ ಪ್ರಯೋಗಶಾಲೆ ಅನ್ನುವುದು ಗುಮಾಸ್ತೆ ಇದ್ದ ಹಾಗೆ. ಕೇಳಿದ್ದಕ್ಕೆ ಮಾತ್ರ ಉತ್ತರ. ಕೇಳದೆ ಇದ್ದದ್ದು ನೀರಲ್ಲಿ ಇದ್ದರೂ ಕಾಗದದಲ್ಲಿ ಇರುವುದಿಲ್ಲ. ಹಾಗೆ ಯಾರೂ ಕೇಳದೆ ಬಿಟ್ಟ ಒಂದು ಜಾತಿಯ ವಿಷ ಉಂಟು. ಹಾರ್ಮೋನು ಕೆಡಿಸುವ ವಿಷ.

ಹಾರ್ಮೋನು ಅಂದರೆ ಮೈಯೊಳಗಿನ ಗ್ರಂಥಿಗಳಿಂದ ಹೊರಡುವ ಅಪ್ಪಣೆ. ಹಸು ಬೆದೆಗೆ ಬರುವುದು, ಹೋರಿಗೆ ಹೋರಿತನ ಬರುವುದು, ಹೆಣ್ಣುಮಕ್ಕಳು ದೊಡ್ಡವರಾಗುವುದು, ಗಂಡುಹುಡುಗನಿಗೆ ಮೀಸೆ ಮೂಡುವುದು, ಎಲ್ಲ ಈ ಅಪ್ಪಣೆಯಂತೆ. ಕೆಲವು ರಾಸಾಯನಿಕಗಳು ಮೈಯೊಳಗೆ ಹೋಗಿ ಕಳ್ಳ ಅಪ್ಪಣೆ ಕೊಡುತ್ತವೆ, ಇಲ್ಲವೇ ನಿಜವಾದ ಅಪ್ಪಣೆಯನ್ನು ತಡೆಯುತ್ತವೆ.

ಇದು ಎಷ್ಟು ಸಣ್ಣ ಪ್ರಮಾಣದಲ್ಲಿ ನಡೆಯುತ್ತೆ ಅನ್ನುವುದು ನಮ್ಮ ರೈತರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ರಾಗಿ ಹೊಲದ ಕಳೆಗೆ 2,4-ಡಿ ಹೊಡೆಯುತ್ತೀರಿ. ಅದು ಗಿಡದ ಹಾರ್ಮೋನಿನ ವೇಷ ಹಾಕಿಕೊಂಡ ಔಷಧಿ. ಗಾಳಿ ತಿರುಗಿ ಅದರ ಹಬೆ ಪಕ್ಕದ ಟೊಮೇಟೊ ತೋಟಕ್ಕೆ ತಾಗಿದರೆ ಏನಾಗುತ್ತೆ? ಎಲೆ ಸುರುಟಿಕೊಳ್ಳುತ್ತೆ, ಕುಡಿ ತಿರುಚಿಕೊಳ್ಳುತ್ತೆ. ಗಾಳಿಯಲ್ಲಿ ಎಷ್ಟು ಔಷಧಿ ಬಂತು ಅಂತ ಯಾರೂ ಅಳೆದಿರಲ್ಲ. ಟೊಮೇಟೊ ಗಿಡವೇ ಅಳೆದು ಹೇಳಿರುತ್ತೆ.

ಕೆರೆಯಲ್ಲಿ ಈ ಟೊಮೇಟೊ ಗಿಡದ ಕೆಲಸ ಮಾಡುವುದು ಮೀನು. ಇಂಗ್ಲೆಂಡಿನಲ್ಲಿ ಒಳಚರಂಡಿ ಘಟಕಗಳ ಕೆಳಗಿನ ಹೊಳೆಗಳಲ್ಲಿ ಗಾಳ ಹಾಕುವವರಿಗೆ ಗಂಡೋ ಹೆಣ್ಣೋ ತಿಳಿಯದ ಮೀನು ಸಿಕ್ಕವು. ವಿಜ್ಞಾನಿಗಳು ಒಳ್ಳೆಯ ಗಂಡು ಮೀನುಗಳನ್ನು ಪಂಜರದಲ್ಲಿಟ್ಟು, ಶುದ್ಧೀಕರಿಸಿದ ನೀರು ಹೊರಬೀಳುವ ಜಾಗದಲ್ಲೇ ಇಳಿಬಿಟ್ಟರು. ಕೆಲವೇ ವಾರಗಳಲ್ಲಿ ಆ ಗಂಡು ಮೀನುಗಳ ರಕ್ತದಲ್ಲಿ ಮೊಟ್ಟೆಯ ಹಳದಿ ಭಾಗ ಮಾಡುವ ಸಸಾರಜನಕ ಸಿಕ್ಕಿತು. ವಿಟೆಲೋಜೆನಿನ್ ಅಂತ ಅದರ ಹೆಸರು. ಮೊಟ್ಟೆ ಇಡುವ ಹೆಣ್ಣಿಗೆ ಮಾತ್ರ ಬೇಕಾದ ವಸ್ತು ಗಂಡಿನ ರಕ್ತದಲ್ಲಿ ಯಾಕೆ? 1994ರಲ್ಲಿ ಈ ವರದಿ ಅಚ್ಚಾಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಹೆಂಗಸರ ಮೂತ್ರದಲ್ಲಿ ಸಹಜವಾಗಿ ಹೋಗುವ ಹಾರ್ಮೋನು, ಗರ್ಭನಿರೋಧಕ ಮಾತ್ರೆಯ ಹಾರ್ಮೋನು, ಇನ್ನು ಕೆಲವು ಕಡೆ ನೊನೈಲ್‌ಫೀನಾಲ್ ಎಂಬ ವಸ್ತು. ಕೆಲವು ಜಾತಿಯ ಮಾರ್ಜಕಗಳು ಒಡೆದಾಗ ಹುಟ್ಟುವುದು ಇದು. ಮೂಲ ಮಾರ್ಜಕಕ್ಕಿಂತ ಮುರಿದ ಚೂರೇ ಕೆಟ್ಟದ್ದು. ಯುರೋಪಿನಲ್ಲಿ 2005ರಿಂದ ಇದಕ್ಕೆ ಕಟ್ಟುನಿಟ್ಟು ಬಂತು.

ಬೆಳ್ಳಂದೂರಿನ ನೊರೆಗೆ 2015ರಲ್ಲಿ ಬೆಂಕಿ ಬಿತ್ತು. 2017ರಲ್ಲಿ ಕೆರೆಯೇ ಹೊಗೆಯಾಡಿತು. ಆಗ ಟಿವಿಯವರು ಬಂದರು, ಮಂತ್ರಿಗಳು ಬಂದರು. ನೊರೆ ಕಡಿಮೆಯಾದ ದಿನ ಎಲ್ಲರೂ ಹೋದರು. ನೊರೆ ಕಾಣದಿದ್ದರೆ ನೊರೆಯ ಚೂರು ಇಲ್ಲ ಅಂತ ಅರ್ಥವಲ್ಲ. ಹಾಗೆಯೇ 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಪತ್ರಿಕೆಗಳ ತುಂಬ ಫೋಟೋ. ಹಾರ್ಮೋನು ಕೆಟ್ಟ ಮೀನು ಸತ್ತು ತೇಲುವುದಿಲ್ಲ. ಈಜುತ್ತೆ, ಮೇಯುತ್ತೆ, ತಕ್ಕಡಿಗೂ ಬರುತ್ತೆ. ಸಂತಾನ ಮಾತ್ರ ನಿಲ್ಲುತ್ತೆ.

ಕೆನಡಾದಲ್ಲಿ ಇದನ್ನು ಒಂದು ಇಡೀ ಕೆರೆಯ ಮೇಲೆ ಪ್ರಯೋಗ ಮಾಡಿ ನೋಡಿದರು. 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಲೀಟರಿಗೆ ಐದಾರು ನ್ಯಾನೋಗ್ರಾಂ ಬೀಳುವಂತೆ ಹಾಕಿದರು. ಅಲ್ಲಿನ ಒಂದು ಸಣ್ಣ ಮೀನಿನ ಸಂತತಿ ಹೆಚ್ಚುಕಡಿಮೆ ನಿರ್ನಾಮವಾಯಿತು. ಐದು ನ್ಯಾನೋಗ್ರಾಂ ಅಂದರೆ ನೂರು ಕೋಟಿ ಲೀಟರ್ ನೀರಿಗೆ 5 ಗ್ರಾಂ. ಒಂದು ಟಿಎಂಸಿಗೆ 140 ಗ್ರಾಂ. ಕೋಲಾರದ ಪೈಪಿನ 44 ಕೋಟಿ ಲೀಟರಿಗೆ ಲೆಕ್ಕ ಹಾಕಿದರೆ ದಿನಕ್ಕೆ ಎರಡು ಗ್ರಾಂ ಚಿಲ್ಲರೆ, ಒಂದು ಚಿಟಿಕೆ ಸಕ್ಕರೆಗಿಂತ ಸ್ವಲ್ಪ ಜಾಸ್ತಿ. ಅಷ್ಟು ಇದೆ ಅಂತ ನಾನು ಹೇಳುತ್ತಿಲ್ಲ, ಅಷ್ಟು ಇದ್ದರೂ ಬಿಓಡಿ ಅಳೆಯುವ ಸೀಸೆಗೆ ಅದು ಕಾಣದು ಅಂತ ಹೇಳುತ್ತಿದ್ದೇನೆ. ಇನ್ನೊಂದು ಮಾತೂ ಹೇಳಬೇಕು. ಹಾಕುವುದು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಆ ಕೆರೆಯಲ್ಲಿ ಮೀನು ಮತ್ತೆ ತುಂಬಿತು. ಮೂಲ ಮುಚ್ಚಿದರೆ ಕೆರೆ ಸುಧಾರಿಸುತ್ತೆ.

ಈಗ ಹೂಳಿನ ವಿಚಾರ. ಕೆರೆಗೋಡು ಹೊಡೆಯುವುದು ನಮ್ಮ ಅಜ್ಜಂದಿರ ಕಾಲದ ಪದ್ಧತಿ. ಬೇಸಿಗೆಯಲ್ಲಿ ಗಾಡಿ ಕಟ್ಟಿ ಗೋಡು ತಂದು ಹೊಲಕ್ಕೆ ಹರಡಿದರೆ ಎರಡು ಮೂರು ವರ್ಷ ಗೊಬ್ಬರ ಬೇಡ. ಆದರೆ ಈ ವಿಷಗಳಲ್ಲಿ ಬಹುಪಾಲಿಗೆ ಎಣ್ಣೆಯ ಗುಣ. ನೀರಿನಲ್ಲಿ ನಿಲ್ಲದೆ ಕೆಸರಿಗೆ ಅಂಟುತ್ತವೆ. ಶುದ್ಧೀಕರಣ ಘಟಕದಲ್ಲೂ ಹಾಗೆಯೇ, ನೀರಿನಿಂದ ಬಿಟ್ಟದ್ದರಲ್ಲಿ ಒಂದು ಪಾಲು ಅಲ್ಲಿನ ಕೊಳೆಮಣ್ಣಿಗೆ ಹೋಗಿ ಕೂರುತ್ತೆ. ಆದ್ದರಿಂದ ನೀರು ಚೆನ್ನಾಗಿದೆ ಅಂದಾಗಲೂ ತಳ ಕೆಟ್ಟಿರಬಹುದು. ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಕೆಲಸವನ್ನು ಬಿಡಿಎ 2020ರಲ್ಲಿ ಶುರು ಮಾಡಿತು. ಪೇಟೆಯ ಕೆರೆಯ ಗೋಡಾಗಲಿ, ಘಟಕದ ಗೊಬ್ಬರವಾಗಲಿ, ಪುಕ್ಕಟೆ ಸಿಕ್ಕಿತು ಅಂತ ಲಾರಿ ಇಳಿಸಿಕೊಳ್ಳುವ ಮೊದಲು ಅದರ ಪರೀಕ್ಷೆಯ ಕಾಗದ ಕೇಳಿ. ಆ ಕಾಗದದಲ್ಲಿ ಎನ್‌ಪಿಕೆ ಮಾತ್ರ ಇದ್ದರೆ ಅದು ಅರ್ಧ ಕಾಗದ.

ಇದೆಲ್ಲ ಪರದೇಶದ ಕತೆ ಅನ್ನುವವರಿಗೆ ನಮ್ಮ ಕನ್ನಡದವರದೇ ಉದಾಹರಣೆ ಇದೆ. ಕಾಸರಗೋಡಿನ ಪಡ್ರೆ. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. 1979ರಲ್ಲೇ ಕಾಲು ತಿರುಚಿದ ಕರುಗಳು ಹುಟ್ಟಿದವು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಬರೆದರು. ಆಮೇಲೆ ವಾಣಿನಗರದ ವೈದ್ಯ ಮೋಹನ ಕುಮಾರರು ಮನುಷ್ಯರಲ್ಲೂ ಒಂದೇ ನಮೂನೆಯ ರೋಗ ಮನೆಮನೆಯಲ್ಲಿ ಕಂಡು ಕೂಗಿ ಹೇಳಿದರು. 2001ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಅಲ್ಲಿನ ನೀರು, ಮಣ್ಣು, ಹಾಲು, ರಕ್ತ ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಅಂದಿತು. ಸಿಂಪಡಿಸಿದ ನಿಗಮ ಮಾಡಿಸಿದ ಇನ್ನೊಂದು ಪರೀಕ್ಷೆ ದೋಷವಿಲ್ಲ ಅಂದಿತು. ಯಾರು ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುತ್ತಾರೆ ಅನ್ನುವುದನ್ನು ಅದಕ್ಕೇ ನೋಡಬೇಕು.

ಆಗ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಅವರು ಮಾಡಿದ ಕೆಲಸದ ರೀತಿಯನ್ನು ನಾವು ಕಲಿಯಬೇಕು. ಪಡ್ರೆಯ 117 ಗಂಡುಮಕ್ಕಳು, ಸಿಂಪಡಿಸದ ಇನ್ನೊಂದು ಊರಿನ 90 ಗಂಡುಮಕ್ಕಳು, ಎರಡೂ ಗುಂಪನ್ನು ಎದುರುಬದುರು ಇಟ್ಟು ನೋಡಿದರು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ, ಅಂದರೆ ನೂರು ಕೋಟಿ ಭಾಗಕ್ಕೆ ಏಳೂವರೆ. ಆ ಇನ್ನೊಂದು ಊರಿನಲ್ಲಿ 1.37. ಜೊತೆಗೆ, ಸಿಂಪಡಣೆಗೆ ಸಿಕ್ಕ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಗಂಡು ಹಾರ್ಮೋನಿನಲ್ಲೂ ಏರುಪೇರು. 2003ರಲ್ಲಿ ಇದು ಅಚ್ಚಾಯಿತು. ವಿಷ ಇದೆಯೋ ಅಂತ ಮಾತ್ರ ನೋಡಲಿಲ್ಲ, ವಿಷ ಮೈಯಲ್ಲಿ ಏನು ಮಾಡಿದೆ ಅಂತಲೂ ನೋಡಿದರು. ನೀರು ಸುಮ್ಮನಿದ್ದರೂ ಮೈ ಸುಳ್ಳು ಹೇಳುವುದಿಲ್ಲ.

ಪುತ್ತೂರು, ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಜನರದೂ ಇದೇ ಪಾಡು. ಕರ್ನಾಟಕದಲ್ಲಿ 2011ರ ಫೆಬ್ರವರಿಯಲ್ಲಿ ನಿಷೇಧ ಬಂತು, ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ಸಂತ್ರಸ್ತರಿಗೆ ಐದೈದು ಲಕ್ಷ ಮೂರು ತಿಂಗಳಲ್ಲಿ ಕೊಡಿ ಅಂತ ಕೋರ್ಟು ಕೇರಳ ಸರ್ಕಾರಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ಕಾಲು ತಿರುಚಿದ ಕರು ಹುಟ್ಟಿದಂದಿನಿಂದ 38 ವರ್ಷ. ನಮ್ಮ ಬೆಳೆಸಾಲ ಒಂದು ಕಂತು ತಪ್ಪಿದರೆ ನೋಟೀಸು ಕಳಿಸುವ ಬ್ಯಾಂಕಿನವರು 38 ವರ್ಷ ಸುಮ್ಮನೆ ಕೂತಾರೆಯೇ? ಆ ಮನೆಗಳವರು ಕೂತರು. ಆಸ್ಪತ್ರೆಗೆ ಕೊಟ್ಟ ದುಡ್ಡಿಗೆ ಬಡ್ಡಿ ಹಾಕಿದವರು ಯಾರು?

ಹಾಗಾದರೆ ನಾವು ಏನು ಕೇಳಬೇಕು? ಮೊದಲು ಮಾಲಿನ್ಯ ಮಂಡಳಿ ತೆಗೆಯುವ ನೀರಿನ ಜೊತೆಗೆ ಹೂಳು, ಮೀನು ಎರಡನ್ನೂ ತೆಗೆಯಬೇಕು. ನೀರು ಮಿನರಲ್ ವಾಟರ್ ಬಾಟಲಿಯಲ್ಲಿ ತುಂಬಿದರೆ ಒಪ್ಪಬೇಡಿ. ಕೆಲವು ಪ್ಲಾಸ್ಟಿಕ್ಕಿನಿಂದಲೇ ಇಂಥ ವಸ್ತು ನೀರಿಗೆ ಬಿಡುತ್ತೆ, ಆಮೇಲೆ ಕೆರೆಯದ್ದು ಯಾವುದು ಬಾಟಲಿಯದ್ದು ಯಾವುದು ಅಂತ ತಿಳಿಯುವುದಿಲ್ಲ. ಕಂದು ಬಣ್ಣದ ಗಾಜಿನ ಸೀಸೆ, ಐಸಿನ ಪೆಟ್ಟಿಗೆ, ಊರಿನವರ ಎದುರಿಗೆ ಸೀಲು. ಹೂಳನ್ನು ನೀರು ಕೆರೆಗೆ ಬೀಳುವ ಬಾಯಿಯ ಹತ್ತಿರ, ಮೇಲಿನ ಎರಡು ಬೆರಳು ದಪ್ಪದ ಪದರದಿಂದ ತೆಗೆಯಲಿ, ಹೊಸದಾಗಿ ಬಂದದ್ದು ಅಲ್ಲೇ ಕೂತಿರುವುದು. ಪಡ್ರೆಯಲ್ಲಿ ಮಾಡಿದ ಹಾಗೆ, ಚರಂಡಿ ನೀರು ಬೀಳದ ಒಂದು ಮೇಲ್ಗಡೆ ಕೆರೆಯಿಂದಲೂ ಅಷ್ಟೇ ತೆಗೆಯಬೇಕು. ಹೋಲಿಸಲು ಇನ್ನೊಂದು ಇಲ್ಲದಿದ್ದರೆ ಯಾವ ಅಂಕಿಗೂ ಅರ್ಥವಿಲ್ಲ.

ಮೀನಿನ ವಿಚಾರಕ್ಕೆ ಒಂದು ಎಚ್ಚರಿಕೆ. ಜಿಲೇಬಿ ಮೀನಿನ ಮರಿಗಳಿಗೆ ಹಾರ್ಮೋನು ಬೆರೆಸಿದ ಮೇವು ತಿನ್ನಿಸಿ ಎಲ್ಲವನ್ನೂ ಗಂಡು ಮಾಡುವ ಪದ್ಧತಿ ಸಾಕಣೆಯಲ್ಲಿ ಉಂಟು. ಅಂಥ ಬಿತ್ತನೆ ಮೀನನ್ನು ಪರೀಕ್ಷೆಗೆ ಕೊಟ್ಟು ಗಲಿಬಿಲಿ ಮಾಡಿಕೊಳ್ಳಬಾರದು. ಕೆರೆಯಲ್ಲೇ ಹುಟ್ಟಿದ ಸಣ್ಣ ಮೀನು ಹಿಡಿಯಬೇಕು. ರಾಸಾಯನಿಕವನ್ನು ಒಂದೊಂದಾಗಿ ಹುಡುಕುವ ಯಂತ್ರ ದುಬಾರಿ, ಅದಕ್ಕೆ ಮೊದಲು ಜರಡಿ ಹಿಡಿಯಲು ಈಸ್ಟಿನ ಪರೀಕ್ಷೆ ಇದೆ. ಬ್ರೆಡ್ಡಿಗೆ ಹಾಕುವ ಆ ಈಸ್ಟಿಗೆ ಮನುಷ್ಯನ ಹಾರ್ಮೋನು ಗುರುತಿಸುವ ಗುಣ ಸೇರಿಸಿದ್ದಾರೆ. ನೀರಿನಲ್ಲಿ ಹೆಣ್ಣು ಹಾರ್ಮೋನಿನಂಥದ್ದು ಇದ್ದರೆ ಹಳದಿ ಬಣ್ಣ ಕೆಂಪಾಗುತ್ತೆ. ಯಾವ ಕೆರೆಯದ್ದು ಕೆಂಪಾಯಿತೋ ಅದಕ್ಕೆ ಮಾತ್ರ ದೊಡ್ಡ ಯಂತ್ರ.

ನಿಮ್ಮ ಮನಸ್ಸಿನಲ್ಲಿರುವುದು ನನಗೆ ಗೊತ್ತು. ಪರೀಕ್ಷೆ ಮಾಡಿಸಿ ವಿಷ ಅಂತ ಬಂದರೆ ಮಂಡಿಯವನು ನಾಳೆಯೇ ನಮ್ಮ ಕೊತ್ತಂಬರಿ, ದಂಟು, ಹಾಲು ಮುಟ್ಟುವುದಿಲ್ಲ, ನಮ್ಮ ಹೊಟ್ಟೆ ಮೇಲೆ ನಾವೇ ಹೊಡೆದುಕೊಂಡ ಹಾಗೆ. ಈ ಭಯ ಸುಳ್ಳಲ್ಲ. ಅದಕ್ಕೇ ಪರೀಕ್ಷೆ ನಮ್ಮ ಸೊಪ್ಪಿನಿಂದ ಶುರುವಾಗಬಾರದು, ಪೈಪಿನ ಬಾಯಿಯಿಂದ ಶುರುವಾಗಬೇಕು. ಖರ್ಚು ನಮ್ಮದಲ್ಲ. ನಮ್ಮ ಕೋಲಾರದ ಕಡೆಯಿಂದಲೇ ಹರಿದುಹೋಗುವ ಪಾಲಾರ್ ದಂಡೆಯ ಚರ್ಮ ಕಾರ್ಖಾನೆಗಳ ವೆಲ್ಲೂರು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ: ಕೆಡಿಸಿದವನೇ ದಂಡ ತೆರಬೇಕು, ತನ್ನಿಂದ ಕೆಡಲಿಲ್ಲ ಅಂತ ರುಜುವಾತು ಮಾಡುವುದೂ ಅವನದೇ ಹೊಣೆ. ಬೆಂಗಳೂರಿನ ಮನೆಗಳಿಂದ ಒಳಚರಂಡಿ ಶುಲ್ಕ ವಸೂಲಿಯಾಗುತ್ತಿದೆ. ಆ ದುಡ್ಡಿನಲ್ಲಿ ಆಗಲಿ ಈ ಪರೀಕ್ಷೆ. ವಿಷ ಸಿಕ್ಕಿದರೆ ಬೆಲೆ ಕುಸಿದದ್ದಕ್ಕೆ ಪರಿಹಾರ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಬೇಕು.

ನಮ್ಮ ಹೊಲದ ಔಷಧಿಯ ಡಬ್ಬಗಳೂ ಈ ಲೆಕ್ಕಕ್ಕೆ ಬರಲಿ. ಡೈಕೋಫಾಲ್ ಅನ್ನು 2023ರಲ್ಲಿ ಸರ್ಕಾರವೇ ನಿಷೇಧಿಸಿತು. ಅಷ್ಟು ವರ್ಷ ಅಂಗಡಿಯಲ್ಲಿ ಸಾಲಕ್ಕೆ ಕೊಟ್ಟು ಮಾರಿದವರು ಯಾರೂ ಅದು ಡಿಡಿಟಿಯಿಂದ ತಯಾರಾದದ್ದು ಅಂತ ಹೇಳಲಿಲ್ಲ.

ಬರುವ ತಿಂಗಳು ನಿಮ್ಮ ನಿಮ್ಮ ಊರಿನಿಂದ ಒಂದೊಂದು ಮಾಹಿತಿ ಹಕ್ಕಿನ ಅರ್ಜಿ ಹೋಗಲಿ, ಹತ್ತು ರೂಪಾಯಿ ಖರ್ಚು. ನಮ್ಮ ಕೆರೆಗೆ ಬರುವ ನೀರಿನಲ್ಲಿ, ತಳದ ಹೂಳಿನಲ್ಲಿ, ಮೀನಿನಲ್ಲಿ ಹಾರ್ಮೋನು ಕೆಡಿಸುವ ವಸ್ತುಗಳ ಪರೀಕ್ಷೆ ಮಾಡಿದ್ದೀರಾ, ಮಾಡಿದ್ದರೆ ಯಾವ ದಿನ, ಯಾವ ಪ್ರಯೋಗಶಾಲೆ, ಅಂಕಿ ಎಷ್ಟು, ಅಷ್ಟೇ ಕೇಳಿ. ಬಂದ ಉತ್ತರದ ಒಂದು ಪ್ರತಿ ಈ ಪತ್ರಿಕೆಗೂ ಕಳಿಸಿ. ಹೂಳಿನ ಮಾದರಿ ತೆಗೆಯುವುದಾದರೆ ಮುಂಗಾರಿಗೆ ಮೊದಲೇ ಆಗಬೇಕು, ಕೋಡಿ ಹರಿದ ಮೇಲೆ ಮೇಲಿನ ಪದರ ಪಿನಾಕಿನಿಯ ಪಾಲು.