ಕಡಲೂರಿನಲ್ಲಿ ಒಂದು ದಿನ



ಸಮುದ್ರವನ್ನು ನೋಡಿ ಬಂದವರ ವರ್ಣನೆಯೆಂದರೆ ನಿಮ್ಮಲ್ಲಿ ಕೆಲವರಿಗಾದರೂ ಆಕಳಿಕೆ ಬರುವುದು ಸಹಜ. ಅಲೆ, ಮರಳು, ಸೂರ್ಯಾಸ್ತ ಇವುಗಳ ವಿಷಯವಾಗಿ ಹೇಳತಕ್ಕದ್ದನ್ನೆಲ್ಲ ಕವಿಗಳು ಹೇಳಿ ಮುಗಿಸಿದ್ದಾರೆ. ಆದುದರಿಂದ ನಾನು ಈ ಹೊತ್ತು ಹೇಳಹೊರಟಿರುವುದು ಮುಖ್ಯವಾಗಿ ಒಂದು ರೊಟ್ಟಿಯ ಗಂಟಿನ ಸಂಗತಿ.

ನಮ್ಮದು ಚಿಕ್ಕೋಡಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯವರು ಜೋಳವನ್ನು ಬಲ್ಲರು, ಕಬ್ಬನ್ನು ಬಲ್ಲರು, ತಂಬಾಕನ್ನು ಬಲ್ಲರು. ಸಮುದ್ರವನ್ನು ಬಲ್ಲವರು ಕಡಮೆ. ಮದುವೆಯಾಗಿ 20 ವರ್ಷಗಳಾಗಿದ್ದರೂ ನನ್ನ ಪತ್ನಿ ಅದನ್ನು ಕಂಡಿರಲಿಲ್ಲ. ಕಾಣುವ ಆಸೆಯೂ ಆಕೆಗಿರಲಿಲ್ಲ. ಆಕೆಯ ತವರು ಕಾಗವಾಡದ ಕಡೆ, ಕೃಷ್ಣೆಯ ದಂಡೆಯ ಮೇಲೆ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಆ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು. ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಆ ನೀರಿನ ಗೆರೆ ಇಂದಿಗೂ ಮಾಸಿಲ್ಲ. “ನೀರು ನೋಡಾಕ ರೊಕ್ಕಾ ಕೊಟ್ಟು ಹೋಗಬೇಕೇನ್ರಿ?” ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಕಳೆದ ಮೇ ತಿಂಗಳ ರಜೆಯಲ್ಲಿ ಹೇಗೋ ಒಪ್ಪಿಸಿ, ಬೆಳಗಾವಿಯನ್ನು ದಾಟಿ, ಘಟ್ಟವನ್ನಿಳಿದು ಕಾರವಾರವನ್ನು ಸೇರಿದೆವು.

ಬೆಳಗ್ಗೆ ಮೊದಲು ಹೋದದ್ದು ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತಿರುವ ಕಡಲತೀರಕ್ಕೆ. 1883ರ ಸುಮಾರಿಗೆ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದದ್ದು ಈ ಊರಿನಲ್ಲಿಯೇ. ಪ್ರಕೃತಿಯ ಪ್ರತೀಕಾರವೆಂದು ಅದರ ಅರ್ಥ. ಲೋಕದ ಮಮತೆಯನ್ನೆಲ್ಲ ಕಡಿದುಕೊಂಡ ಸಂನ್ಯಾಸಿಯೊಬ್ಬನನ್ನು ಒಂದು ಹೆಣ್ಣುಮಗು ಮತ್ತೆ ಲೋಕಕ್ಕೆ ಎಳೆದು ತರುವ ಕಥೆ. ಇದನ್ನು ನಾನು ಸವಿಸ್ತಾರವಾಗಿ ವಿವರಿಸಿದೆ. ಆಕೆ ನಾಟಕದ ಹೆಸರನ್ನು ಮಾತ್ರ ಕೇಳಿಸಿಕೊಂಡು, ಅಲೆಗಳಿಂದ ಇಪ್ಪತ್ತು ಮಾರು ದೂರದಲ್ಲಿಯೇ ನಿಂತಳು. ದಡದ ಮೇಲೆ ಪ್ರದರ್ಶನಕ್ಕಿಟ್ಟಿರುವ, ನೌಕಾದಳದಿಂದ ನಿವೃತ್ತವಾದ ‘ಚಪಲ’ವೆಂಬ ಕ್ಷಿಪಣಿ ನೌಕೆಯನ್ನು ಹತ್ತುವುದಕ್ಕೆ ಮಾತ್ರ ಆಕೆಗೆ ಅಡ್ಡಿಯಿರಲಿಲ್ಲ, ಅದು ನೆಲದ ಮೇಲಿತ್ತು.

ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಕುಳಿತೆವು. ಸುತ್ತಲಿನವರ ತಟ್ಟೆಯಲ್ಲೆಲ್ಲ ಮೀನು. ಸಸ್ಯಾಹಾರಿಗಳಾದ ನಮಗೆ ಅನ್ನ, ತೆಂಗಿನಕಾಯಿ ಅರೆದು ಮಾಡಿದ ಪಲ್ಯ ಸಾರುಗಳು, ಮುರುಗಲ ಹುಳಿಗೆ ಕಾಯಿಹಾಲು ಬೆರೆಸಿದ ತಿಳಿಗೆಂಪಿನ ಸೋಲಕಢಿ ಬಂದವು. ಸೋಲಕಢಿಯನ್ನು ಆಕೆ ಎರಡು ಸಲ ಕೇಳಿ ಹಾಕಿಸಿಕೊಂಡಳು. ಆದರೆ ರೊಟ್ಟಿಯಿಲ್ಲದ ಊಟ ನಮ್ಮವರಿಗೆ ಊಟವೆ? ಯಜಮಾನನ ಅಪ್ಪಣೆ ಪಡೆದು, ಮನೆಯಿಂದ ತಂದಿದ್ದ ಒಣರೊಟ್ಟಿಯ ಗಂಟನ್ನು ಬಿಚ್ಚಿದಳು. ಚಿಕ್ಕೋಡಿಯಲ್ಲಿ ಹಪ್ಪಳದಂತೆ ಮುರಿಯುತ್ತಿದ್ದ ರೊಟ್ಟಿ ಇಲ್ಲಿ ತೊಯ್ದ ಬಟ್ಟೆಯಂತೆ ಜೋತುಬಿದ್ದಿತು. ಆಕೆ ಬೆರಳಿನಿಂದ ಅದನ್ನು ಒತ್ತಿನೋಡಿ, “ಈ ಗಾಳ್ಯಾಗ ನೀರೈತ್ರಿ” ಎಂದಳು.

ತರಗತಿಯಲ್ಲಿ ಒಂದು ಗಂಟೆ ಮಾತನಾಡಿದರೂ ನಾನು ತಿಳಿಯಹೇಳಲಾರದ ವಿಷಯವನ್ನು ಆ ರೊಟ್ಟಿ ಹೇಳಿತ್ತು. ಈ ಕಡಲ ಗಾಳಿಯೇ ಮಳೆಗಾಲದಲ್ಲಿ ಸಹ್ಯಾದ್ರಿಯನ್ನು ಏರಿ, ತಣ್ಣಗಾಗಿ, ಹೊತ್ತ ನೀರನ್ನು ಶಿಖರಗಳ ಮೇಲೆ ಸುರಿಯುತ್ತದೆ. ಸಂಜೆ ಸದಾಶಿವಗಡದ ಗುಡ್ಡದ ಮೇಲೆ ನಿಂತು ಕಾಳೀನದಿ ಸಮುದ್ರವನ್ನು ಕೂಡುವುದನ್ನು ತೋರಿಸುತ್ತ ಮುಂದಿನದನ್ನು ಹೇಳಿದೆ. ಪಡುವಣಕ್ಕೆ ಹರಿಯುವ ಕಾಳಿಯ ನೀರು 200 ಕಿಲೋಮೀಟರಿಗಿಂತ ಕಡಮೆ ದಾರಿಯಲ್ಲಿ ತವರನ್ನು ಸೇರುತ್ತದೆ. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಯಾದರೋ ಈ ಸಮುದ್ರಕ್ಕೆ ಸುಮಾರು 65 ಕಿಲೋಮೀಟರುಗಳಷ್ಟೇ ಸಮೀಪದಲ್ಲಿದ್ದರೂ ಇತ್ತ ಬೆನ್ನು ತಿರುಗಿಸಿ, ಸುಮಾರು 1,400 ಕಿಲೋಮೀಟರು ನಡೆದು ಮೂಡಣ ಸಮುದ್ರಕ್ಕೆ ಹೋಗುತ್ತದೆ. ಕೊಯನೆ, ಪಂಚಗಂಗೆ, ದೂಧಗಂಗೆ, ವೇದಗಂಗೆಗಳು ಅದಕ್ಕೆ ತಂದು ಕೂಡಿಸುವುದೂ ಇದೇ ಪಡುವಣ ಕಡಲಿನ ನೀರು. 2005, 2019, 2021ರಲ್ಲಿ ನಮ್ಮ ದಂಡೆಯ ಊರುಗಳನ್ನು ಮುಳುಗಿಸಿದುದೂ ಅದೇ. ಮಳೆನೆರಳಿನಲ್ಲಿರುವ ಅಥಣಿಯ ಮೂಡಲ ಹಳ್ಳಿಗಳು ಬಾರದೆಂದು ಬಾಯಾರಿ ಕಾಯುವುದೂ ಅದನ್ನೇ. ಒಂದೇ ತಾಲೂಕಿನಲ್ಲಿ ಒಂದು ಕಡೆ ಮಹಾಪೂರ, ಇನ್ನೊಂದು ಕಡೆ ಬರ!

“ಹಂಗಾದ್ರ ನಮ್ಮ ಮನಿಗೆ ಬಂದಿದ್ದು ಇದss ನೀರು” ಎಂದು ಆಕೆ ಬಹಳ ಹೊತ್ತು ಸುಮ್ಮನಿದ್ದಳು.

ಸೂರ್ಯನು ಮುಳುಗುವ ಹೊತ್ತಿಗೆ ಮರಳಿ ತೀರಕ್ಕೆ ಬಂದೆವು. ಬೆಳಗ್ಗೆ ದೂರ ನಿಂತಿದ್ದವಳು ಈಗ ತಾನಾಗಿಯೇ ಮುಂದೆ ಹೋಗಿ ಪಾದ ತೋಯಿಸಿಕೊಂಡಳು. ಊರಿನಲ್ಲಿ ಹೊಳೆಗೆ ಮಾಡುವಂತೆ ಅರಿಸಿನ ಕುಂಕುಮವನ್ನು ಅಲೆಗೆ ಬಿಟ್ಟು, ಕೈಮುಗಿದು, “ಬಾ ನಮ್ಮವ್ವಾ. ಆದ್ರ ಅಳತಿಲೆ ಬಾ, ಅಥಣಿ ಮಂದಿಗೂ ಒಂದೀಟು ಇರಲಿ” ಎಂದಳು.

ನಾನು ಇಂಗ್ಲಿಷ್ ಓದಿದವನು. ಇಂಥ ಪ್ರಾರ್ಥನೆಗಳಿಂದ ಮೋಡಗಳು ದಾರಿ ಬದಲಿಸುವುದಿಲ್ಲವೆಂದು ಬಲ್ಲೆ. ಆದರೂ ಆ ಮಾತಿಗೆ ನಾನು ತಿದ್ದುಪಡಿಯನ್ನೇನೂ ಸೂಚಿಸಲಿಲ್ಲ. ಈ ವರ್ಷ ಕಾರಹುಣ್ಣಿವೆಯ ಹೊತ್ತಿಗೆ ಪಡುವಣದಲ್ಲಿ ಮೋಡವೆದ್ದಾಗ, ನಾವಿಬ್ಬರೂ ಅಂಗಳಕ್ಕೆ ಬಂದು ನಿಂತು, ದೂರದ ನೆಂಟರನ್ನು ಎದುರುಗೊಳ್ಳುವವರಂತೆ ಅದನ್ನು ನೋಡಿದೆವು.