ಟೈರ್ ಒಂದೇ ಕಡೆ ಸವೀತಿದ್ಯಾ? ಅಲೈನ್‌ಮೆಂಟ್ ಮಾಡಿಸೋದು ದಂಡಾನಾ?

ಇವತ್ತು ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಹೋದ ತಿಂಗಳು ಅಪ್ಪ, ಅಮ್ಮನ್ನ ಕೂರಿಸ್ಕೊಂಡು ಮಳವಳ್ಳಿಯಿಂದ ಹೊರಟೆ. ಮದ್ದೂರಿಗೆ ಬಂದು, ಅಲ್ಲಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ಬೆಂಗಳೂರಿಗೆ ಹೋಗೋ ಪ್ಲಾನು. ಗಾಳಿ ಚೆಕ್ ಮಾಡಿಸೋಣ ಅಂತ ಮದ್ದೂರಲ್ಲಿ ಒಂದು ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿದೆ. ಅಲ್ಲಿದ್ದ ಹುಡುಗ ಮುಂದಿನ ಎಡಗಡೆ ಟೈರಿನ ಒಳಭಾಗಕ್ಕೆ ಕೈ ಹಾಕಿ ಸವರಿದ. "ಅಣ್ಣ, ಇದ್ರಲ್ಲಿ ಬೆಂಗ್ಳೂರ್‌ಗೆ ಹೊಂಟಿದ್ದೀರಾ? ಬ್ಯಾಡ ಕಣಣ್ಣ" ಅಂದ.

ಬಗ್ಗಿ ನೋಡಿದ್ರೆ ಒಳ ಅಂಚಲ್ಲಿ ತಂತಿ ಕಾಣ್ತಿದೆ! ಹೊರಗಿನಿಂದ ಮಾತ್ರ ಗುಂಡಿ ಚೆನ್ನಾಗೇ ಇತ್ತು. ನೂರರ ವೇಗದಲ್ಲಿ ಅದು ಸಿಡಿದಿದ್ರೆ? ಅಮ್ಮ ಅವತ್ತು ಮಾತೇ ಆಡಲಿಲ್ಲ. ಸ್ಟೆಪ್ನಿ ಹಾಕಿಸಿ, ನಿಧಾನಕ್ಕೆ ಮನೆಗೆ ವಾಪಸ್ ಬಂದ್ವಿ.

ಯಾಕೆ ಹೀಗಾಗುತ್ತೆ? ಕಾಲು ಸೊಟ್ಟ ಇಟ್ಟು ನಡೆಯೋರ ಚಪ್ಪಲಿ ಒಂದೇ ಕಡೆ ಸವೆಯಲ್ವಾ, ಹಾಗೇ. ಮುಂದಿನ ಚಕ್ರಗಳು ನೇರವಾಗಿ ನೋಡದೆ ಸ್ವಲ್ಪ ಹೊರಕ್ಕೋ ಒಳಕ್ಕೋ ತಿರುಗಿದ್ರೆ, ಟೈರು ಉರುಳೋದ್ರ ಜೊತೆ ಉಜ್ಜಿಕೊಂಡೂ ಹೋಗುತ್ತೆ. ಇದಕ್ಕೆ 'ಟೋ' ಅಂತಾರೆ. ಹಳ್ಳಕ್ಕೆ ಧಡ್ ಅಂತ ಇಳಿಸಿದ್ರೆ, ಹಂಪ್ ನೋಡದೆ ಹಾರಿಸಿದ್ರೆ ಅದು ತಪ್ಪುತ್ತೆ.

ಆದ್ರೆ ಎಲ್ಲಾ ಸವೆತಕ್ಕೂ ಅಲೈನ್‌ಮೆಂಟ್ ಮದ್ದಲ್ಲ. ಎರಡೂ ಅಂಚು ಸವೆದಿದ್ರೆ ಸಾಮಾನ್ಯವಾಗಿ ಗಾಳಿ ಕಮ್ಮಿ. ಮಧ್ಯ ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ. ಎಂಬತ್ತು ದಾಟಿದ ಮೇಲೆ ಸ್ಟೇರಿಂಗ್ ನಡುಗಿದ್ರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ಒಂದೇ ಅಂಚು ಸವೆದು, ಗಾಡಿ ಒಂದು ಕಡೆ ಎಳೀತಿದ್ರೆ ಆಗ ಅಲೈನ್‌ಮೆಂಟ್.

ಇಲ್ಲೇ ನಾನು ಎಡವಿದ್ದು. ನಾಲ್ಕು ತಿಂಗಳ ಹಿಂದೆ ಅಲೈನ್‌ಮೆಂಟ್ ಮಾಡಿಸಿದ್ದೆ, ಆದ್ರೂ ಟೈರ್ ಹೋಯ್ತು. ಮಂಡ್ಯದ ಮೆಕ್ಯಾನಿಕ್ ಒಬ್ಬರು ಗಾಡಿ ಎತ್ತಿಸಿ, ಚಕ್ರ ಹಿಡಿದು ಅಲ್ಲಾಡಿಸಿ ತೋರಿಸಿದ್ರು. ಟೈ ರಾಡ್ ಎಂಡ್ ಲೂಸ್. ಅದು ಲೂಸ್ ಇದ್ರೆ ಎಷ್ಟು ಸಲ ಸೆಟ್ ಮಾಡಿದ್ರೂ ನಿಲ್ಲಲ್ಲ. ಅದಕ್ಕೇ ಮೊದಲು ಬುಷ್, ಬಾಲ್ ಜಾಯಿಂಟ್, ಟೈ ರಾಡ್ ನೋಡಿಸಿ, ಆಮೇಲೆ ಅಲೈನ್‌ಮೆಂಟ್. ಮುಗಿದ ಮೇಲೆ ಮೊದಲಿನ ಮತ್ತು ಆಮೇಲಿನ ಅಳತೆ ಇರೋ ಪ್ರಿಂಟ್ ಕೇಳಿ ತಗೊಳ್ಳಿ.

ಹಾಗಾದ್ರೆ ದುಡ್ಡು ದಂಡಾನಾ? ಅಲೈನ್‌ಮೆಂಟಿಗೆ ನಾನು ಕೊಟ್ಟಿದ್ದು 500 ರೂಪಾಯಿ. ಎರಡು ಹೊಸ ಟೈರಿಗೆ 8,000 ದಾಟ್ತು. ಲೆಕ್ಕ ನೀವೇ ಹಾಕಿ. ಸವೆದ ರಬ್ಬರ್ ಮಾತ್ರ ವಾಪಸ್ ಬರಲ್ಲ, ಉಳಿದಿದ್ದು ಉಳಿಯುತ್ತೆ ಅಷ್ಟೇ.

ಇವತ್ತೇ ಒಂದು ಕೆಲಸ ಮಾಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಾಕಿ ಒಳ ಅಂಚು ನೋಡಿ. ಗುಂಡಿಯೊಳಗೆ ಸಣ್ಣ ದಿಬ್ಬ ಇರುತ್ತೆ, 1.6 ಮಿಲಿಮೀಟರ್ ಎತ್ತರ. ರಬ್ಬರ್ ಅದರ ಮಟ್ಟಕ್ಕೆ ಸವೆದಿದ್ರೆ ಟೈರ್ ಬದಲಾಯಿಸಿ. ತಂತಿ ಕಂಡ್ರೆ ಗಾಡಿ ತೆಗೀಲೇಬೇಡಿ.

ಮುಂದಿನ ವಾರ ಸಿಗೋಣ. ಹುಷಾರಾಗಿ ಓಡಿಸಿ.