ನಮ್ಮ ಹೆಬ್ಬೆಟ್ಟು, ನಮ್ಮ ದುಡ್ಡು, ನಮ್ಮ ಎಚ್ಚರ
(ಸದಸ್ಯರ ಶಿಕ್ಷಣ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿರುವ ಈ ಶಿಬಿರದಲ್ಲಿ ನಾಲ್ಕು ಮಾತು ಹೇಳಲು ಅವಕಾಶ ಕೊಟ್ಟಿದ್ದೀರಿ.

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಲ್ಲಿಂದ ಇಲ್ಲಿಯವರೆಗೆ ಈ ಚಳವಳಿ ನಡೆದು ಬಂದಿರುವುದು ಎರಡು ಬಂಡವಾಳದ ಮೇಲೆ. ಒಂದು, ಸದಸ್ಯರು ಹನಿ ಹನಿಯಾಗಿ ಕೂಡಿಸಿದ ದುಡ್ಡು. ಇನ್ನೊಂದು, ಒಬ್ಬರ ಮೇಲೆ ಒಬ್ಬರಿಗಿರುವ ನಂಬಿಕೆ. ಈಗ ಕಳ್ಳರು ಕನ್ನ ಹಾಕುತ್ತಿರುವುದು ಈ ಎರಡಕ್ಕೂ ಎಂದರೆ ತಪ್ಪಾಗಲಾರದು. ಆದ್ದರಿಂದಲೇ ಇವತ್ತು ಗೊಬ್ಬರ, ಬೀಜ, ಸಾಲದ ವಿಷಯ ಬಿಟ್ಟು ಫೋನಿನಲ್ಲಿ ನಡೆಯುವ ಕಳ್ಳತನದ ಬಗ್ಗೆ ಮಾತಾಡುತ್ತೇನೆ.

ಈ ಸಂಘ ಹುಟ್ಟಿದಾಗ ಕಳ್ಳ ಊರಿಗೆ ಬರಬೇಕಾಗಿತ್ತು. ನಾಯಿ ಬೊಗಳುತ್ತಿತ್ತು, ಪಕ್ಕದ ಮನೆಯವರು ಏಳುತ್ತಿದ್ದರು. 2016ರಲ್ಲಿ ಯುಪಿಐ ಬಂತು, ಚಹಾದ ಅಂಗಡಿಯಲ್ಲೂ ಫೋನಿನಿಂದ ದುಡ್ಡು ಕೊಡುವಂತಾಯಿತು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರಿಂದ ಅನುಕೂಲ ಬಹಳ ಆಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈಗ ಕಳ್ಳ ಊರಿಗೆ ಬರಬೇಕಾಗಿಲ್ಲ. ಅವನಿಗೆ ಬೇಕಾದದ್ದು ನಿಮ್ಮ ಬೀರುವಿನ ಬೀಗದ ಕೈ ಅಲ್ಲ. ನಿಮ್ಮ ಹೆಸರು, ಆಧಾರ್ ಸಂಖ್ಯೆ, ಒಟಿಪಿ, ಹೆಬ್ಬೆಟ್ಟು. ಇವು ಸಿಕ್ಕರೆ ಎಲ್ಲೋ ಕೂತು "ನಾನೇ ಅವನು" ಎಂದು ಬ್ಯಾಂಕಿಗೆ ನಂಬಿಸುತ್ತಾನೆ. ಇದನ್ನೇ ಗುರುತಿನ ಕಳವು ಎನ್ನುವುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಇದಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಕಾನೂನು ಇದೆ, ಸರಿ. ಆದರೆ ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು?

ಈ ಕಳ್ಳರು ಹೇಗೆ ಮಾತಾಡುತ್ತಾರೆ ಎಂಬುದನ್ನು ಮೊದಲು ತಿಳಿಯೋಣ. ಫೋನ್ ಬರುತ್ತದೆ.

"ಕಿಸಾನ್ ಸಮ್ಮಾನ್ ಕಚೇರಿಯಿಂದ ಮಾತಾಡ್ತಿದೀವಿ ಯಜಮಾನ್ರೇ. ನಿಮ್ಮ ಕಂತು ನಿಂತಿದೆ, ಕೆವೈಸಿ ಆಗಿಲ್ಲ. ಸಂಜೆ ಒಳಗೆ ಮಾಡದಿದ್ರೆ ಪಟ್ಟಿಯಿಂದ ಹೆಸರು ಹೋಗ್ತದೆ. ನಿಮ್ಮ ಮೊಬೈಲಿಗೆ ಈಗ ಒಂದು ನಂಬರ್ ಬಂದಿರ್ತದೆ, ಹೇಳಿ."

ಇದರಲ್ಲಿ ಮೂರು ಸಂಗತಿ ಇವೆ, ಗಮನಿಸಿ. ಒಂದು ನಿಜ ಇದೆ: ಕಿಸಾನ್ ಸಮ್ಮಾನ್ ಯೋಜನೆಗೆ ಇ-ಕೆವೈಸಿ ಆಗಲೇಬೇಕು, ಅದು ಸುಳ್ಳಲ್ಲ. ಒಂದು ಹೆದರಿಕೆ ಇದೆ: ಹೆಸರು ಹೋಗುತ್ತದೆ ಎಂಬುದು. ಒಂದು ಅವಸರ ಇದೆ: ಸಂಜೆಯೊಳಗೆ ಆಗಬೇಕು ಎಂಬುದು. ಯೋಜನೆಯ ಹೆಸರು ಬದಲಾಗಬಹುದು. ಇವತ್ತು ಕಿಸಾನ್ ಹಣ, ನಾಳೆ ಗೃಹಲಕ್ಷ್ಮಿ, ನಾಡಿದ್ದು ಕರೆಂಟ್ ಬಿಲ್ಲು. ಹೆದರಿಕೆಯ ಬದಲು ಆಸೆ ತೋರಿಸಬಹುದು, ಲಾಟರಿ ಬಂದಿದೆ ಅನ್ನಬಹುದು. ಅವಸರ ಮಾತ್ರ ಎಲ್ಲದರಲ್ಲೂ ಇರುತ್ತದೆ. ಯಾಕೆಂದರೆ ನೀವು ಐದು ನಿಮಿಷ ಯೋಚನೆ ಮಾಡಿದರೆ, ಮಗನನ್ನೋ ಸೊಸೆಯನ್ನೋ ಕೇಳಿದರೆ, ಅವನ ಬೇಳೆ ಬೇಯುವುದಿಲ್ಲ. ಲಾರಿಯ ಹಿಂದೆ ಬರೆದಿರುತ್ತಾರಲ್ಲ, ಅವಸರವೇ ಅಪಘಾತಕ್ಕೆ ಕಾರಣ ಎಂದು. ಅದು ಇಲ್ಲಿಗೂ ಸಲ್ಲುವ ಮಾತು.

ಒಟಿಪಿ ಎಂಬುದು ಒಂದು ಸಲ ಮಾತ್ರ ತೆರೆಯುವ ಬೀಗದ ಕೈ. ಯಾವ ಬ್ಯಾಂಕಾಗಲಿ, ಯಾವ ಸರ್ಕಾರಿ ಕಚೇರಿಯಾಗಲಿ ಫೋನ್ ಮಾಡಿ ಅದನ್ನು ಕೇಳುವುದಿಲ್ಲ. ಕೇಳಿದವನು ಕಳ್ಳ ಎಂದೇ ತಿಳಿಯಿರಿ. ಯುಪಿಐ ಪಿನ್ನಿನ ವಿಷಯವೂ ಅಷ್ಟೇ. ದುಡ್ಡು ಕೊಡುವವನು ಪಿನ್ ಒತ್ತಬೇಕು, ಪಡೆಯುವವನು ಒತ್ತಬೇಕಾಗಿಲ್ಲ. ಹಸು ಮಾರುತ್ತೇವೆ ಎಂದು ಫೋನಿನಲ್ಲಿ ಚಿತ್ರ ಹಾಕಿರುತ್ತೀರಿ. ಕೊಳ್ಳುವವನು "ನಾನು ಮಿಲಿಟರಿಯವನು, ಮುಂಗಡ ಕಳಿಸ್ತೀನಿ, ಈ ಚೌಕದ ಗುರುತನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅನ್ನುತ್ತಾನೆ. ಪಿನ್ ಹಾಕಿದಿರೋ, ಹಸುವಿನ ದುಡ್ಡು ಬರುವುದಿಲ್ಲ, ಹಾಲಿನ ಬಟವಾಡೆಯ ದುಡ್ಡೂ ಹೋಗುತ್ತದೆ.

ಈಚೆಗೆ ಒಟಿಪಿ ಕೇಳದೆಯೇ ಕದಿಯುವ ದಾರಿಯೊಂದು ಹುಟ್ಟಿದೆ. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಎಂದೋ, ಬೈಕಿನ ದಂಡದ ಚೀಟಿ ಎಂದೋ ಒಂದು ಕಡತ ಬರುತ್ತದೆ. ಅದರ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಅದು ಕರೆಯೋಲೆ ಅಲ್ಲ, ನಿಮ್ಮ ಫೋನಿನೊಳಗೆ ಸೇರುವ ಆ್ಯಪ್. ಅದನ್ನು ಒತ್ತಿ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ, ನಿಮಗೆ ಬರುವ ಸಂದೇಶವನ್ನೆಲ್ಲ ಅದು ಕಳ್ಳನಿಗೆ ಮುಟ್ಟಿಸುತ್ತದೆ. ಪರಿಚಯದವರ ನಂಬರಿನಿಂದ ಬಂದಿದ್ದರೂ ಒತ್ತಬೇಡಿ, ಅವರ ಫೋನು ಮೊದಲೇ ಕಳ್ಳನ ಕೈ ಸೇರಿರಬಹುದು.

ಇನ್ನು ಡಿಜಿಟಲ್ ಅರೆಸ್ಟ್ ಎಂಬ ಮೋಸ. ಪೊಲೀಸ್ ಡ್ರೆಸ್ ಹಾಕಿದವನು ವಿಡಿಯೋದಲ್ಲಿ ಬಂದು "ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಗಾಂಜಾ ಸಿಕ್ಕಿದೆ, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ" ಎಂದು ಹೆದರಿಸಿ ದುಡ್ಡು ಹಾಕಿಸಿಕೊಳ್ಳುತ್ತಾನೆ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರೇ ಮನ್ ಕೀ ಬಾತ್‌ನಲ್ಲಿ ಇದರ ಬಗ್ಗೆ ಎಚ್ಚರಿಸಿದರು. ನಮ್ಮ ದೇಶದ ಯಾವ ಕಾನೂನಿನಲ್ಲೂ ಫೋನಿನಲ್ಲಿ ದಸ್ತಗಿರಿ ಮಾಡುವುದು ಇಲ್ಲ. ಫೋನ್ ಇಟ್ಟುಬಿಡಿ, ಅಷ್ಟೇ.

ಈಗ ನಮ್ಮ ಊರುಗಳಿಗೆ ಹೆಚ್ಚು ಸಂಬಂಧಪಟ್ಟ ವಿಷಯಕ್ಕೆ ಬರುತ್ತೇನೆ. ಅದು ಹೆಬ್ಬೆಟ್ಟಿನ ವಿಷಯ.

ಆಧಾರ್ ಸೇರಿಸಿದ ಖಾತೆಯಿಂದ ಬರೀ ಬೆರಳು ಇಟ್ಟು ದುಡ್ಡು ತೆಗೆಯಬಹುದೆಂಬುದು ನಿಮಗೆ ಗೊತ್ತೇ ಇದೆ. ಪಿಂಚಣಿ ತೆಗೆಯುವ ಅಜ್ಜಿಯರಿಗೆ ಇದರಿಂದ ಟೌನಿಗೆ ಅಲೆಯುವುದು ತಪ್ಪಿದೆ. ಇಲ್ಲಿ ಪಿನ್ ಇಲ್ಲ, ಒಟಿಪಿ ಇಲ್ಲ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕು, ಒಂದು ಸಲಕ್ಕೆ 10,000 ರೂಪಾಯಿಯವರೆಗೆ ಬರುತ್ತದೆ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ್ದ ಅನೇಕರ ಖಾತೆಯಿಂದ ಹೀಗೆ ದುಡ್ಡು ಹೋಯಿತು. ಅವರಿಗೆ ಯಾವ ಫೋನೂ ಬಂದಿರಲಿಲ್ಲ, ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ. ಕ್ರಯಪತ್ರದ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಆ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸಿ ದುಡ್ಡು ತೆಗೆದಿದ್ದರು. ಆಮೇಲೆ ಕಂಪ್ಯೂಟರಿನಲ್ಲಿ ಸಿಗುವ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮಾಡಲು ಸರ್ಕಾರ ಕ್ರಮ ಕೈಗೊಂಡಿತು. ಪಿನ್ ಕಳುವಾದರೆ ಬೇರೆ ಪಿನ್ ಹಾಕಿಕೊಳ್ಳಬಹುದು. ಹೆಬ್ಬೆಟ್ಟು ಕಳುವಾದರೆ ಬೇರೆ ಹೆಬ್ಬೆಟ್ಟು ತರುವುದೆಲ್ಲಿಂದ?

ಇದಕ್ಕೆ ಉಪಾಯ ಇದೆ. ಆಧಾರ್ ಆ್ಯಪಿನಲ್ಲಿ ಅಥವಾ ಆಧಾರ್ ಸಂಸ್ಥೆಯ ವೆಬ್‌ಸೈಟಿನಲ್ಲಿ ನಿಮ್ಮ ಬೆರಳಚ್ಚಿಗೆ ಬೀಗ ಹಾಕಬಹುದು. ಅದಕ್ಕೆ ಆಧಾರಿಗೆ ನಿಮ್ಮ ಮೊಬೈಲ್ ನಂಬರ್ ಸೇರಿರಬೇಕು. ಬೀಗ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯುವುದಿಲ್ಲ, ಇದು ನೆನಪಿರಲಿ. ಅಕ್ಕಿ ತರುವ ದಿನ ಸ್ವಲ್ಪ ಹೊತ್ತು ಬೀಗ ತೆಗೆಯಬೇಕು, ಅದು ತಾನಾಗಿಯೇ ಮತ್ತೆ ಬೀಳುತ್ತದೆ. ಇದು ಕಷ್ಟ ಅನ್ನುವವರು ಬೇರೆ ದಾರಿ ಹಿಡಿಯಬಹುದು. ಹೆಬ್ಬೆಟ್ಟಿನಿಂದ ದುಡ್ಡು ತೆಗೆಯುವ ಸೌಲಭ್ಯ ಬೇಡವೆಂದು ಬ್ಯಾಂಕಿಗೆ ಅರ್ಜಿ ಕೊಡಿ. ಇಲ್ಲವೇ ಆಧಾರ್ ಸೇರಿದ ಖಾತೆಯಲ್ಲಿ ತಿಂಗಳ ಖರ್ಚಿನಷ್ಟೇ ಇಟ್ಟು, ಉಳಿದದ್ದನ್ನು ಠೇವಣಿ ಮಾಡಿ. ಆಧಾರ್ ಸಂಬಂಧದ ಸಹಾಯಕ್ಕೆ 1947ಕ್ಕೆ ಫೋನ್ ಮಾಡಬಹುದು. ಅಕ್ಷರ ಬಲ್ಲವರು ಪತ್ರಗಳಿಗೆ ಸಹಿ ಮಾಡುವ ಅಭ್ಯಾಸ ಇಟ್ಟುಕೊಳ್ಳಿ, ಕಂಡಕಂಡಲ್ಲಿ ಹೆಬ್ಬೆಟ್ಟು ಒತ್ತಬೇಡಿ.

ಮಷಿನ್ನಿನ ಮುಂದೆಯೂ ಎಚ್ಚರ ಬೇಕು. "ಸರ್ವರ್ ಇಲ್ಲ, ಇನ್ನೊಂದು ಸಲ ಬೆರಳಿಡಿ" ಅಂದರೆ, ಮೊದಲ ಸಲದ್ದು ಏನಾಯಿತು ಎಂದು ಕೇಳಿ. ಚೀಟಿ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಪಾಸ್‌ಬುಕ್ ಬರೆಸಿ. ಪ್ರಾಮಾಣಿಕರಾದ ಬ್ಯಾಂಕ್ ಮಿತ್ರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಜೆರಾಕ್ಸ್ ಕೂಡ ಸಣ್ಣ ವಿಷಯವಲ್ಲ. ಆಧಾರ್ ಪ್ರತಿ ಕೊಡುವಾಗ ಅದರ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಅಡ್ಡವಾಗಿ ಬರೆದು ಸಹಿ ಮಾಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತದೆ, ಸಾಲುವ ಕಡೆ ಅದನ್ನೇ ಕೊಡಿ. ನಿಮ್ಮ ದಾಖಲೆ ಇಟ್ಟುಕೊಂಡು ಬೇರೆಯವರು ಸಿಮ್ ತೆಗೆದಿರಬಹುದು, ಸಾಲವನ್ನೂ ಎತ್ತಿರಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ತೆಗೆಸಬಹುದು. ಸಾಲದ ವಿವರವನ್ನು ಸಿಬಿಲ್ ಮುಂತಾದ ಸಂಸ್ಥೆಗಳು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಓದಿದ ಮಕ್ಕಳು ಮನೆಯ ಹಿರಿಯರಿಗೆ ಇದನ್ನು ಮಾಡಿಕೊಡಲಿ.

ಯುವಕರಿಗೆ ಒಂದು ಮಾತು. "ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ" ಎಂದು ಯಾರಾದರೂ ಬಂದರೆ ಒಪ್ಪಬೇಡ್ರಪ್ಪಾ. ಕದ್ದ ದುಡ್ಡನ್ನು ದಾಟಿಸಲು ಅವರಿಗೆ ಬೇರೆಯವರ ಖಾತೆ ಬೇಕು. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಖಾತೆಗೆ ತಡೆ ಬೀಳುತ್ತದೆ, ಕೇಸಾಗುತ್ತದೆ. ಎರಡು ಸಾವಿರದ ಆಸೆಗೆ ಮನೆತನದ ಮಾನ ಹೋಗುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ದುಡ್ಡು ಹೋಯಿತು ಅನ್ನಿ. ಆಗ ಮಾಡಬೇಕಾದ್ದೇನು? ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಕದ್ದ ದುಡ್ಡು ಒಂದೇ ಖಾತೆಯಲ್ಲಿ ಕೂತಿರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. 1930ರವರು ಆಯಾ ಬ್ಯಾಂಕಿಗೆ ತಿಳಿಸುತ್ತಾರೆ, ಬ್ಯಾಂಕಿನವರು ದುಡ್ಡು ಎಲ್ಲಿ ಸಿಕ್ಕುತ್ತದೋ ಅಲ್ಲಿ ತಡೆಹಿಡಿಯುತ್ತಾರೆ. ಗದ್ದೆಯ ಬದು ಒಡೆದಾಗ ನೀರು ಹರಿದು ಹೋಗುವ ಮೊದಲೇ ಮಣ್ಣು ಹಾಕಬೇಕಲ್ಲ, ಹಾಗೆ. ಖಾತೆ ನಂಬರ್, ಹೋದ ಮೊತ್ತ, ಹೋದ ಸಮಯ, ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಆ ಸಂದೇಶವನ್ನು ಅಳಿಸಬೇಡಿ. ಜೊತೆಗೇ ಬ್ಯಾಂಕಿಗೆ ತಿಳಿಸಿ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಜಿಲ್ಲೆಯ ಸೈಬರ್ ಅಪರಾಧ ಠಾಣೆಯಲ್ಲೂ ದೂರು ಕೊಡಬಹುದು.

ರಿಸರ್ವ್ ಬ್ಯಾಂಕು 2017ರಲ್ಲಿ ಮಾಡಿದ ನಿಯಮ ಇಲ್ಲಿ ಮುಖ್ಯ. ಅದೇ ವರ್ಷ ಅದನ್ನು ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸಲಾಯಿತು. ನಿಮ್ಮ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕೈವಾಡದಿಂದ ದುಡ್ಡು ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. 4ರಿಂದ 7 ದಿನವಾದರೆ ಸ್ವಲ್ಪ ನಷ್ಟ ನಿಮ್ಮ ಪಾಲಿಗೆ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ನೀವೇ ಒಟಿಪಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಆದ್ದರಿಂದ ಒಟಿಪಿ ಹೇಳಿದವರೂ ಬೇಗನೆ ತಿಳಿಸಿದರೆ ಅಷ್ಟರಮಟ್ಟಿಗೆ ಲಾಭವೇ.

ಆದರೆ ನಮ್ಮ ಊರುಗಳಲ್ಲಿ ತಡವಾಗುವುದು ಯಾಕೆ? ನಾಚಿಕೆ, ಹೆದರಿಕೆ. ಸ್ತ್ರೀಶಕ್ತಿ ಸಂಘದ ಕಂತಿನ ದುಡ್ಡು ಕಳೆದುಕೊಂಡ ತಾಯಿ, ಯಜಮಾನರು ಬೈತಾರೆ ಎಂದು ಬಾಯಿ ಬಿಡುವುದಿಲ್ಲ. ಅಡಿಕೆ ಮಾರಿದ ದುಡ್ಡು ಕಳೆದುಕೊಂಡ ಅಪ್ಪ, ಮಕ್ಕಳು ನಗುತ್ತಾರೆ ಎಂದು ಸುಮ್ಮನಿರುತ್ತಾನೆ. ಆ ಮೂರು ದಿನ ಅಲ್ಲೇ ಕಳೆದುಹೋಗುತ್ತದೆ. ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರೂ ಈ ಮೋಸಕ್ಕೆ ಸಿಕ್ಕಿದ್ದಾರೆ. ಮೋಸ ಹೋದದ್ದು ಅಪರಾಧವಲ್ಲ, ಮೋಸ ಮಾಡಿದ್ದು ಅಪರಾಧ. ಮನೆಯವರಲ್ಲಿ ನನ್ನ ಕೈಮುಗಿದ ಬಿನ್ನಹ ಇಷ್ಟೇ: ಮೊದಲು 1930ಕ್ಕೆ ಫೋನ್ ಮಾಡಿ, ಬೈಯುವುದಿದ್ದರೆ ಆಮೇಲೆ ಬೈಯಿರಿ. ಬೈಯದಿದ್ದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಕೆಲವು ಸಲಹೆ.

1. 1930 ಎಂಬ ಸಂಖ್ಯೆಯನ್ನು ಸಂಘದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಯಲ್ಲೂ ಇರಲಿ.

2. ಸದಸ್ಯರ ಆಧಾರ್, ಪಹಣಿ ಪ್ರತಿಗಳು ಬೀರುವಿನಲ್ಲಿ ಬೀಗದೊಳಗಿರಲಿ. ಬೇಡವಾದದ್ದನ್ನು ಹರಿದು ನಾಶ ಮಾಡಬೇಕು, ರದ್ದಿಗೆ ಹಾಕಬಾರದು.

3. ಸಂಘದ ಕಂಪ್ಯೂಟರಿನ ಪಾಸ್‌ವರ್ಡು ಒಬ್ಬೊಬ್ಬರಿಗೆ ಒಂದೊಂದು ಇರಲಿ. ಗೋಡೆಗೆ ಅಂಟಿಸಬೇಡಿ.

4. ಸಂಘದಿಂದ ಯಾರೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ ಎಂದು ವಾರ್ಷಿಕ ಮಹಾಸಭೆಯಲ್ಲಿ ಪ್ರತಿವರ್ಷ ಸಾರಿ ಹೇಳಿ.

5. ದುಡ್ಡು ಕಳೆದುಕೊಂಡವರು ಬಂದರೆ ದೂರು ಬರೆದುಕೊಡಲು, ಫೋನ್ ಮಾಡಿಕೊಡಲು ಊರಿನ ಇಬ್ಬರು ಓದಿದ ಹುಡುಗ ಹುಡುಗಿಯರನ್ನು ಗೊತ್ತುಮಾಡಿ.

ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ನಾವು, ಎಚ್ಚರಕ್ಕೂ ಒಬ್ಬರಿಗೊಬ್ಬರು ಜಾಮೀನು ನಿಲ್ಲೋಣ. ಒಬ್ಬನಿಗೆ ಬಂದ ಕಳ್ಳ ಫೋನಿನ ಸುದ್ದಿ ಅವತ್ತೇ ಸಂಜೆ ಡೇರಿಯ ಮುಂದೆ ಹತ್ತು ಜನಕ್ಕೆ ಗೊತ್ತಾದರೆ, ಹನ್ನೊಂದನೆಯವನಿಗೆ ಫೋನ್ ಬಂದಾಗ ಅವನು ಮೋಸ ಹೋಗುವುದಿಲ್ಲ. ಇದೂ ಸಹಕಾರವೇ.

ಸಂಘ ಚಿನ್ನದ ಹಬ್ಬವನ್ನೂ ಆಚರಿಸಲಿ, ಸದಸ್ಯರ ಗಂಟು ಸದಸ್ಯರ ಕೈಯಲ್ಲೇ ಉಳಿಯಲಿ ಎಂದು ಹಾರೈಸುತ್ತೇನೆ.

ಜೈ ಹಿಂದ್, ಜೈ ಸಹಕಾರ.